ಸೋರ್ಸ್‌ನಲ್ಲಿರುವ ವಿವರಣೆ ಕೈಪಿಡಿಯ ಪುಟಕ್ಕೆ ಏಕೆ ಬರುತ್ತಿಲ್ಲ?

ಓದುಗರ ಪ್ರಶ್ನೆ:

“ನಮ್ಮ ವಿಭಾಗದ ಕಂಪ್ಯೂಟರ್‌ಗಳಿಗೆ ಭದ್ರತೆಯ ಕಾರಣದಿಂದ ಇಂಟರ್ನೆಟ್ ಸಂಪರ್ಕ ಕೊಟ್ಟಿಲ್ಲ. ನಾವು ಲೆಕ್ಕಾಚಾರಕ್ಕೆ ಬಳಸುವ ಪೈಥಾನ್ ಲೈಬ್ರರಿಯೊಂದು 2021ರ ಆವೃತ್ತಿಯಲ್ಲೇ ನಿಂತಿದೆ. ಅದರ ವೆಬ್‌ಸೈಟ್ ತೆರೆದರೆ ಕಾಣುವುದು ಈಗಿನ ಆವೃತ್ತಿಯ ಕೈಪಿಡಿ. ಆದ್ದರಿಂದ ಸಂಪರ್ಕವಿರುವ ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ಹಳೆಯ ಆವೃತ್ತಿಯ ಸೋರ್ಸ್ ಇಳಿಸಿಕೊಂಡು, ಡಾಕ್ಸ್ ಫೋಲ್ಡರಿಗೆ ಹೋಗಿ ‘ಮೇಕ್ ಎಚ್‌ಟಿಎಂಎಲ್’ ಕೊಟ್ಟೆ. ‘ಎನ್ವಿರಾನ್‌ಮೆಂಟ್‌ಫಿಲ್ಟರ್’ ಎಂಬ ಹೆಸರನ್ನು ಜಿಂಜಾ ಎಂಬ ಪ್ಯಾಕೇಜಿನಿಂದ ಇಂಪೋರ್ಟ್ ಮಾಡಲಾಗುತ್ತಿಲ್ಲ ಎಂದು ಮೊದಲ ಹೆಜ್ಜೆಗೇ ನಿಂತಿತು. ಎಲ್ಲೋ ಓದಿದಂತೆ ಹಳೆಯ ಜಿಂಜಾ ಹಾಕಿದೆ. ಈಗ ‘ಬಿಲ್ಡ್ ಸಕ್ಸೀಡೆಡ್, 143 ವಾರ್ನಿಂಗ್ಸ್’ ಎನ್ನುತ್ತದೆ. ಪಾಠರೂಪದ ಪುಟಗಳು ಚೆನ್ನಾಗಿವೆ; ಫಂಕ್ಷನ್‌ಗಳ ವಿವರ ಇರಬೇಕಾದ ಪುಟಗಳಲ್ಲಿ ಮಾತ್ರ ಶೀರ್ಷಿಕೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಸೋರ್ಸ್ ಕಡತ ತೆರೆದರೆ ಅದೇ ವಿವರಣೆ ಕಣ್ಣೆದುರಿಗೇ ಇದೆ! ಪುಟಗಳನ್ನು ಕಚೇರಿಯ ಕಂಪ್ಯೂಟರಿಗೆ ಒಯ್ದು ತೆರೆದರೆ ಗಣಿತದ ಸೂತ್ರಗಳ ಜಾಗದಲ್ಲಿ ಓರೆಗೆರೆಗಳು, ಆವರಣ ಚಿಹ್ನೆಗಳು ಕಾಣುತ್ತವೆ. ಪಿಡಿಎಫ್ ಅಂತೂ ಆಗಲೇ ಇಲ್ಲ. ವಾರ್ನಿಂಗ್ ಎಲ್ಲರಿಗೂ ಬರುತ್ತದೆ, ಬಿಟ್ಟುಬಿಡಿ ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಾರೆ. ಲೈಬ್ರರಿಯನ್ನು ಪೈಥಾನ್‌ನ ಸ್ಥಾಪಕವಾದ ಪಿಪ್‌ನಿಂದ ಹಾಕಿಕೊಂಡರೆ ಪುಟ ತಾನಾಗಿ ತುಂಬುತ್ತದೆ ಎಂದು ಇನ್ನೊಬ್ಬರು. ಇದೆಲ್ಲ ಏಕೆ, ವೆಬ್‌ಸೈಟನ್ನೇ ಪೂರ್ತಿ ಇಳಿಸಿಕೊಳ್ಳಿ ಎಂದು ಮತ್ತೊಬ್ಬರು. ಯಾರ ಮಾತು ಕೇಳಲಿ?”

ಉತ್ತರ:

ಮೂವರಲ್ಲಿ ಎರಡನೆಯವರ ಮಾತು ಅರ್ಧ ಸರಿ, ಮತ್ತು ಮೂರೂ ಸಲಹೆಗಳಲ್ಲಿ ಹೆಚ್ಚು ಅಪಾಯದ್ದು ಅದೇ. ಏಕೆಂದು ವಿವರಿಸುವ ಮೊದಲು ನಿಮ್ಮ ಚಿಂತೆಯನ್ನು ನಾನು ಅರ್ಥಮಾಡಿಕೊಂಡ ರೀತಿಯನ್ನು ಹೇಳುತ್ತೇನೆ. ನಿಮಗೆ ಬೇಕಾಗಿರುವುದು ಯಾವುದೋ ಒಂದು ಕೈಪಿಡಿಯಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರುವ ಅದೇ ಆವೃತ್ತಿಯ ಕೈಪಿಡಿ, ಅದೂ ಸಂಪರ್ಕವಿಲ್ಲದ ಕಡೆ ಸೂತ್ರ, ಹುಡುಕಾಟ ಸಮೇತ ಸರಿಯಾಗಿ ತೆರೆಯುವಂಥದ್ದು. ಜಿಂಜಾ ದೋಷ, ಖಾಲಿ ಪುಟ, ಒಡೆದ ಸೂತ್ರ, ಪಿಡಿಎಫ್ ಎಂದು ನೀವು ಬರೆದಿರುವ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ, ಆದರೆ ಅವುಗಳಲ್ಲಿ ಮೊದಲ ಎರಡರ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇದೆ. ಕೈಪಿಡಿಯನ್ನು ಬಿಲ್ಡ್ ಮಾಡುವುದೆಂದರೆ ಒಂದು ಬಗೆಯ ಪಠ್ಯ ಕಡತವನ್ನು ಇನ್ನೊಂದು ಬಗೆಗೆ ಬದಲಾಯಿಸುವುದು, ಅಕ್ಕಿಯನ್ನು ಬೀಸಿ ಹಿಟ್ಟು ಮಾಡಿದ ಹಾಗೆ, ಎಂದು ಬಹಳ ಮಂದಿ ಭಾವಿಸಿರುತ್ತಾರೆ. ಪೈಥಾನ್ ಲೋಕದಲ್ಲಿ ಅದು ನಿಜವಲ್ಲ. ಇಲ್ಲಿ ಕೈಪಿಡಿಯನ್ನು ಬಿಲ್ಡ್ ಮಾಡುವುದೆಂದರೆ, ಆ ಲೈಬ್ರರಿಯನ್ನೇ ಓಡಿಸಿ ಅದರ ಬಾಯಿಯಿಂದ ವಿವರಣೆ ಹೇಳಿಸುವುದು.

ನೀವು ಬಳಸಿದ್ದು ಸ್ಫಿಂಕ್ಸ್ ಎಂಬ ಸಲಕರಣೆ. ಪೈಥಾನ್ ಭಾಷೆಯ ಸ್ವಂತ ಕೈಪಿಡಿ ಲೇಟೆಕ್ ಎಂಬ ಅಚ್ಚುಜೋಡಣೆಯ ಬರಹದಲ್ಲಿದ್ದ ಕಾಲದಲ್ಲಿ, ಅದನ್ನು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಬರಹಕ್ಕೆ ತರಲೆಂದು ಗೇಯಾರ್ಗ್ ಬ್ರಾಂಡ್ಲ್ ಅವರು ಇದನ್ನು ರೂಪಿಸಿ 2008ರಲ್ಲಿ ಬಿಡುಗಡೆ ಮಾಡಿದರು. ಲಿನಕ್ಸ್ ಕರ್ನಲ್‌ನ ಡಾಕ್ಯುಮೆಂಟೇಶನ್ ಕೂಡ 2016ರಿಂದ ಇದಕ್ಕೇ ಬಂದಿದೆ. ಅದರ ಕೆಲಸ ಎರಡು ಹಂತದ್ದು. ಮೊದಲು ಎಲ್ಲ ಪಠ್ಯ ಕಡತಗಳನ್ನು ಓದಿ, ಯಾವ ಪುಟದಲ್ಲಿ ಯಾವ ಹೆಸರು ಇದೆ, ಯಾವುದು ಯಾವುದಕ್ಕೆ ಕೊಂಡಿ ಹಾಕಿದೆ ಎಂಬ ಪಟ್ಟಿಯನ್ನು ತನ್ನ ನೆನಪಿನಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಪಟ್ಟಿಯನ್ನು ನೋಡಿ ಕೊಂಡಿಗಳನ್ನು ಬಿಡಿಸಿ, ಪುಟಗಳನ್ನು ಬರೆಯುತ್ತದೆ. ಪಾಠರೂಪದ ಪುಟಗಳಿಗೆ ಇಷ್ಟೇ ಸಾಕು, ಏಕೆಂದರೆ ಅವುಗಳ ಪಠ್ಯ ಡಾಕ್ಸ್ ಫೋಲ್ಡರಿನಲ್ಲಿಯೇ ಇದೆ. ನಿಮಗೆ ಅವು ಸರಿಯಾಗಿ ಬಂದದ್ದು ಅದಕ್ಕೇ.

ಫಂಕ್ಷನ್‌ಗಳ ವಿವರದ ಪುಟ ಹಾಗಲ್ಲ. ಆ ಪುಟದ ಮೂಲ ಕಡತವನ್ನು ಒಮ್ಮೆ ತೆರೆದು ನೋಡಿ. ಒಂದು ಶೀರ್ಷಿಕೆ, ಅದರ ಕೆಳಗೆ ‘ಆಟೊಮಾಡ್ಯೂಲ್’ ಎಂದು ಆರಂಭವಾಗುವ ಒಂದೇ ಸಾಲು, ಅದರ ಅಡಿಯಲ್ಲಿ ‘ಮೆಂಬರ್ಸ್’ ಎಂಬ ಇನ್ನೊಂದು ಪದ, ಹೆಚ್ಚೆಂದರೆ ಇಷ್ಟಿರುತ್ತದೆ. ಸ್ಫಿಂಕ್ಸ್‌ನ ಆಟೊಡಾಕ್ ಎಂಬ ವಿಸ್ತರಣೆ ಆ ಸಾಲನ್ನು ಕಂಡಾಗ ಮಾಡುವುದು ಸೋರ್ಸ್ ಕಡತವನ್ನು ಪಠ್ಯವಾಗಿ ಓದುವ ಕೆಲಸವನ್ನಲ್ಲ. ಆ ಮಾಡ್ಯೂಲನ್ನು ನಿಮ್ಮ ಪ್ರೋಗ್ರಾಂ ಹೇಗೆ ಇಂಪೋರ್ಟ್ ಮಾಡುತ್ತದೆಯೋ ಹಾಗೆಯೇ ಇಂಪೋರ್ಟ್ ಮಾಡಿ, ಒಳಗಿರುವ ಒಂದೊಂದು ಫಂಕ್ಷನ್ನನ್ನೂ ಹಿಡಿದು, ಅದಕ್ಕೆ ಅಂಟಿಕೊಂಡಿರುವ ಡಾಕ್‌ಸ್ಟ್ರಿಂಗನ್ನು, ಅಂದರೆ ವಿವರಣೆಯ ಪಠ್ಯವನ್ನು, ಕೇಳಿ ಪಡೆಯುತ್ತದೆ. ಇಂಪೋರ್ಟ್ ಸೋತರೆ ಕೇಳಲು ಯಾರೂ ಇರುವುದಿಲ್ಲ. ಆಗ ಅದು ಒಂದು ವಾರ್ನಿಂಗ್ ಬರೆದು ಮುಂದೆ ಹೋಗುತ್ತದೆ, ಪುಟದಲ್ಲಿ ಶೀರ್ಷಿಕೆ ಮಾತ್ರ ಉಳಿಯುತ್ತದೆ. ನಿಮ್ಮ ಕಣ್ಣಿಗೆ ವಿವರಣೆ ಕಾಣುವುದೂ ಸ್ಫಿಂಕ್ಸ್‌ಗೆ ಕಾಣದಿರುವುದೂ ಹೀಗೆ: ನೀವು ಕಡತವನ್ನು ಓದುತ್ತಿದ್ದೀರಿ, ಅದು ಓದುತ್ತಿಲ್ಲ.

ಇದೇನು ವಕ್ರ ವ್ಯವಸ್ಥೆ ಎಂದು ಅನ್ನಿಸಬಹುದು. ಜಾವಾದ ಜಾವಾಡಾಕ್ ಆಗಲಿ, 1997ರಲ್ಲಿ ಬಂದು ಇಂದಿಗೂ ಸಿ++ ಬರೆಯುವವರ ಕೈಯಲ್ಲಿರುವ ಡಾಕ್ಸಿಜನ್ ಆಗಲಿ, ಪ್ರೋಗ್ರಾಂ ಓಡಿಸದೆ ಸೋರ್ಸನ್ನು ಓದಿಯೇ ಕೆಲಸ ಮುಗಿಸುತ್ತವೆ. ಅಲ್ಲಿ ವಿವರಣೆ ಕಾಮೆಂಟಿನಲ್ಲಿದೆ, ಕಂಪೈಲ್ ಆದ ಮೇಲೆ ಅದು ಉಳಿಯುವುದೂ ಇಲ್ಲ. ಪೈಥಾನ್‌ನಲ್ಲಿ ಡಾಕ್‌ಸ್ಟ್ರಿಂಗ್ ಕಾಮೆಂಟ್ ಅಲ್ಲ, ಪ್ರೋಗ್ರಾಂ ಓಡುವಾಗಲೂ ಫಂಕ್ಷನ್ನಿನ ಜೊತೆಗೇ ಇರುವ ಒಂದು ಗುಣ. ಎಷ್ಟೋ ಲೈಬ್ರರಿಗಳು, ವಿಶೇಷವಾಗಿ ಲೆಕ್ಕಾಚಾರದವು, ಹತ್ತು ಫಂಕ್ಷನ್‌ಗಳಿಗೆ ಸಾಮಾನ್ಯವಾದ ವಿವರಣೆಯನ್ನು ಒಂದೇ ಕಡೆ ಬರೆದು, ಓಡುವಾಗ ಡೆಕೊರೇಟರ್ (ಫಂಕ್ಷನ್ನಿಗೆ ಹೊರಗಿನಿಂದ ಏನನ್ನಾದರೂ ಸೇರಿಸುವ ಪೈಥಾನ್ ಸೌಲಭ್ಯ) ಮೂಲಕ ಎಲ್ಲ ಹತ್ತಕ್ಕೂ ಜೋಡಿಸುತ್ತವೆ. ಕಡತವನ್ನಷ್ಟೇ ಓದಿದರೆ ಆ ಜೋಡಣೆ ತಿಳಿಯುವುದಿಲ್ಲ. ಸಿ ಭಾಷೆಯಲ್ಲಿ ಬರೆದ ಭಾಗಗಳಿಗೆ ಓದಲು ಪೈಥಾನ್ ಕಡತವೇ ಇರುವುದಿಲ್ಲ. ಆದ್ದರಿಂದ ಇಂಪೋರ್ಟ್ ಮಾಡುವ ದಾರಿ ತಲೆನೋವಿನದಾದರೂ, ಸಿಗುವ ವಿವರಣೆ ಹೆಚ್ಚು ನಿಜವಾದದ್ದು.

ಈಗ ‘ವಾರ್ನಿಂಗ್ ಬಿಟ್ಟುಬಿಡಿ’ ಎಂಬ ಮಾತಿಗೆ ಬರೋಣ. ಸ್ಫಿಂಕ್ಸ್‌ನ ವಾರ್ನಿಂಗ್‌ಗಳಲ್ಲಿ ಬಿಡಬಹುದಾದವು ಬೇಕಾದಷ್ಟಿವೆ: ಶೀರ್ಷಿಕೆಯ ಕೆಳಗಿನ ಗೆರೆ ಎರಡು ಅಕ್ಷರ ಚಿಕ್ಕದಾಗಿದೆ, ಒಂದು ಪುಟ ಯಾವ ವಿಷಯಸೂಚಿಯಲ್ಲೂ ಸೇರಿಲ್ಲ, ಇತ್ಯಾದಿ. ಆದರೆ ಮಾಡ್ಯೂಲ್ ಇಂಪೋರ್ಟ್ ಆಗಲಿಲ್ಲ ಎಂಬ ದೊಡ್ಡ ಸೋಲನ್ನೂ ಅದು ಇದೇ ವಾರ್ನಿಂಗ್‌ಗಳ ಸಾಲಿನಲ್ಲಿ, ಅದೇ ದನಿಯಲ್ಲಿ ಹೇಳುತ್ತದೆ, ಕೊನೆಗೆ ‘ಬಿಲ್ಡ್ ಸಕ್ಸೀಡೆಡ್’ ಎಂದೂ ಸೇರಿಸುತ್ತದೆ. ಆ ‘ಸಕ್ಸೀಡೆಡ್’ ಎಂಬ ಪದ ಹೇಳುವುದು ಸ್ಫಿಂಕ್ಸ್ ಮಧ್ಯದಲ್ಲಿ ಕುಸಿದು ಬೀಳಲಿಲ್ಲ ಎಂಬುದನ್ನು ಮಾತ್ರ, ಕೈಪಿಡಿ ಪೂರ್ತಿಯಾಗಿದೆ ಎಂದಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಸಲಕರಣೆಯ ವಿನ್ಯಾಸದ ದೋಷವೇ, ಆದರೆ ಅದನ್ನು ತಿದ್ದಿಕೊಳ್ಳಲು ದಾರಿಯನ್ನೂ ಅವರು ಇಟ್ಟಿದ್ದಾರೆ. ಸ್ಫಿಂಕ್ಸ್-ಬಿಲ್ಡ್ ಕಮಾಂಡಿಗೆ ದೊಡ್ಡಕ್ಷರದ ‘ಡಬ್ಲ್ಯು’ ಆಯ್ಕೆ ಕೊಟ್ಟರೆ ಪ್ರತಿಯೊಂದು ವಾರ್ನಿಂಗ್ ಕೂಡ ದೋಷವೆಂದೇ ಎಣಿಕೆಯಾಗುತ್ತದೆ. ಜೊತೆಗೆ ‘ಕೀಪ್-ಗೋಯಿಂಗ್’ ಕೊಟ್ಟರೆ ಮೊದಲನೆಯದಕ್ಕೇ ನಿಲ್ಲದೆ ಎಲ್ಲವನ್ನೂ ತೋರಿಸಿ ಕೊನೆಯಲ್ಲಿ ಸೋಲುತ್ತದೆ. ಚಿಕ್ಕಕ್ಷರದ ‘ಡಬ್ಲ್ಯು’ ಜೊತೆಗೆ ಕಡತದ ಹೆಸರು ಕೊಟ್ಟರೆ ವಾರ್ನಿಂಗ್‌ಗಳೆಲ್ಲ ಆ ಕಡತದಲ್ಲಿ ಬೀಳುತ್ತವೆ. ನಿಮ್ಮ 143ರಲ್ಲಿ ‘ಫೇಲ್ಡ್ ಟು ಇಂಪೋರ್ಟ್’ ಎಂಬ ಪದಗಳಿರುವ ಸಾಲುಗಳನ್ನು ಮಾತ್ರ ಹೆಕ್ಕಿ ನೋಡಿ. ಹೆಚ್ಚಿನ ಸಂದರ್ಭದಲ್ಲಿ ಅವೆಲ್ಲವೂ ಒಂದೋ ಎರಡೋ ಮೂಲ ಕಾರಣಗಳ ಮರಿಗಳಾಗಿರುತ್ತವೆ: ಒಂದು ಪ್ಯಾಕೇಜ್ ಇಲ್ಲ, ಆದ್ದರಿಂದ ಒಂದು ಮಾಡ್ಯೂಲ್ ತೆರೆಯಲಿಲ್ಲ, ಅದನ್ನು ನೆಚ್ಚಿದ ನಲವತ್ತು ಮಾಡ್ಯೂಲ್‌ಗಳೂ ತೆರೆಯಲಿಲ್ಲ, ಅವುಗಳ ಕಡೆಗೆ ಕೊಂಡಿ ಹಾಕಿದ ಪುಟಗಳೆಲ್ಲ ಗುರಿಯಿಲ್ಲದೆ ನಿಂತವು.

ಎರಡನೆಯ ಸಹೋದ್ಯೋಗಿಯ ಸಲಹೆ ಅರ್ಧ ಸರಿ ಎಂದದ್ದು ಇದಕ್ಕೆ. ಲೈಬ್ರರಿಯನ್ನು ಹಾಕಿಕೊಂಡರೆ ಇಂಪೋರ್ಟ್ ಗೆಲ್ಲುತ್ತದೆ, ಪುಟ ತುಂಬುತ್ತದೆ. ಆದರೆ ಪಿಪ್‌ಗೆ ಬರಿಯ ಹೆಸರು ಹೇಳಿದರೆ ಅದು ತರುವುದು ಇಂದಿನ ಆವೃತ್ತಿಯನ್ನು. ಸ್ಫಿಂಕ್ಸ್ ಅದನ್ನೇ ಇಂಪೋರ್ಟ್ ಮಾಡಿಕೊಂಡು, 2021ರ ಪಾಠಗಳ ಪಕ್ಕದಲ್ಲಿ ಇಂದಿನ ಫಂಕ್ಷನ್‌ಗಳ ವಿವರಣೆಯನ್ನು ಕೂರಿಸಿ, ಮೇಲೆ 2021ರ ಆವೃತ್ತಿಯ ಸಂಖ್ಯೆಯನ್ನು ಮುದ್ರಿಸಿ ಕೊಡುತ್ತದೆ. ಒಂದೂ ವಾರ್ನಿಂಗ್ ಬರದಿರಬಹುದು. ನಾನೇ ಒಮ್ಮೆ ಒಂದು ತಂಡಕ್ಕೆ ಹೀಗೆ ಕೈಪಿಡಿ ಮಾಡಿಕೊಟ್ಟು ಬಂದಿದ್ದೆ. ಪುಟಗಳು ತುಂಬಿದ್ದವು, ಕೊಂಡಿಗಳೆಲ್ಲ ಸರಿಯಿದ್ದವು, ನನಗೂ ಸಮಾಧಾನವಿತ್ತು. ಕೈಪಿಡಿಯಲ್ಲಿದ್ದ ಒಂದು ಪ್ಯಾರಾಮೀಟರ್ ತಮ್ಮಲ್ಲಿ ಕೆಲಸವೇ ಮಾಡುತ್ತಿಲ್ಲವೆಂದು ಅವರು ಎರಡು ದಿನ ತಮ್ಮ ಕೋಡನ್ನು ಜಾಲಾಡಿದ ಮೇಲೆ ತಿಳಿದದ್ದು, ಆ ಪ್ಯಾರಾಮೀಟರ್ ಅವರ ಆವೃತ್ತಿಯಲ್ಲಿ ಹುಟ್ಟಿಯೇ ಇರಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸಕ್ಕೆಂದು ಹಾಕಿದ್ದ ಹೊಸ ಪ್ರತಿ ಸದ್ದಿಲ್ಲದೆ ಒಳಗೆ ನುಸುಳಿತ್ತು. ಖಾಲಿ ಪುಟ ತನ್ನ ತಪ್ಪನ್ನು ತಾನೇ ತೋರಿಸುತ್ತದೆ, ತುಂಬಿದ ತಪ್ಪು ಪುಟ ತೋರಿಸುವುದಿಲ್ಲ.

ಇದನ್ನು ತಪ್ಪಿಸಲು ಅರ್ಧ ನಿಮಿಷದ ಪರೀಕ್ಷೆಯೊಂದಿದೆ. ಬಿಲ್ಡ್ ಮಾಡುವ ಅದೇ ಟರ್ಮಿನಲ್‌ನಲ್ಲಿ ಪೈಥಾನ್ ತೆರೆದು, ಲೈಬ್ರರಿಯನ್ನು ಇಂಪೋರ್ಟ್ ಮಾಡಿ, ಅದರ ‘ಫೈಲ್’ ಎಂಬ ಗುಣವನ್ನು (ಹಿಂದೆ ಎರಡು, ಮುಂದೆ ಎರಡು ಅಡಿಗೆರೆ ಇರುವುದು) ಮುದ್ರಿಸಿ. ಬರುವ ದಾರಿ ನೀವು ಇಳಿಸಿದ ಸೋರ್ಸ್ ಫೋಲ್ಡರಿನದೋ, ಅಥವಾ ‘ಸೈಟ್-ಪ್ಯಾಕೇಜಸ್’ ಎಂಬ ಫೋಲ್ಡರಿನದೋ ನೋಡಿ. ಸೈಟ್-ಪ್ಯಾಕೇಜಸ್‌ನದಾದರೆ ‘ವರ್ಷನ್’ ಗುಣವನ್ನೂ ಮುದ್ರಿಸಿ ನೋಡಿ. ಸ್ಫಿಂಕ್ಸ್‌ನ ಸಂರಚನೆ ಇರುವ ‘ಕಾನ್ಫ್ ಡಾಟ್ ಪೈ’ ಕಡತದ ಮೊದಲ ಸಾಲುಗಳಲ್ಲಿ ಹುಡುಕುವ ದಾರಿಗೆ ಮೇಲಿನ ಫೋಲ್ಡರನ್ನು ಸೇರಿಸುವ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಕೋಡ್ ‘ಎಸ್‌ಆರ್‌ಸಿ’ ಎಂಬ ಒಳಫೋಲ್ಡರಿನಲ್ಲಿದ್ದರೆ ಆ ಸಾಲು ಗುರಿ ತಪ್ಪುತ್ತದೆ, ಆಗಲೇ ಈ ನುಸುಳುವಿಕೆ ನಡೆಯುವುದು.

ಜಿಂಜಾ ದೋಷದ ಕಥೆಯೂ ಆವೃತ್ತಿಯದೇ. ಸ್ಫಿಂಕ್ಸ್ ಪುಟಗಳ ಅಚ್ಚಿಗೆ ಜಿಂಜಾವನ್ನು ನೆಚ್ಚಿದೆ. 2022ರ ಮಾರ್ಚ್‌ನಲ್ಲಿ ಬಂದ ಜಿಂಜಾ 3.1, ಬಹಳ ದಿನಗಳಿಂದ ಹಳತೆಂದು ಘೋಷಿಸಿದ್ದ ಕೆಲವು ಹೆಸರುಗಳನ್ನು ತೆಗೆದುಹಾಕಿತು, ‘ಎನ್ವಿರಾನ್‌ಮೆಂಟ್‌ಫಿಲ್ಟರ್’ ಅವುಗಳಲ್ಲೊಂದು. 4.0.2ಕ್ಕಿಂತ ಹಿಂದಿನ ಸ್ಫಿಂಕ್ಸ್‌ಗಳು ಅದನ್ನು ಕೇಳುತ್ತಿದ್ದವು, ಆದರೆ ಜಿಂಜಾಕ್ಕೆ ಮೇಲಿನ ಮಿತಿಯನ್ನು ಹಾಕಿರಲಿಲ್ಲ. ಹೀಗಾಗಿ ಒಂದಕ್ಷರವೂ ಬದಲಾಗದ ಹಳೆಯ ಪ್ರಾಜೆಕ್ಟುಗಳ ಕೈಪಿಡಿಗಳು ಒಂದೇ ದಿನದಲ್ಲಿ ಬಿಲ್ಡ್ ಆಗುವುದನ್ನು ನಿಲ್ಲಿಸಿದವು. ನೀವು ಜಿಂಜಾ ಒಂದನ್ನೇ ಹಿಂದಕ್ಕೆ ತಳ್ಳಿದಿರಿ, ಸ್ಫಿಂಕ್ಸ್ ಎದ್ದು ನಿಂತಿತು. ಆದರೆ ಉಳಿದ ಪ್ಯಾಕೇಜುಗಳು ಇನ್ನೂ ಇಂದಿನವೇ. ಲೈಬ್ರರಿ ನೆಚ್ಚಿರುವ ಪ್ಯಾಕೇಜ್ ಹೊಸದಾದರೆ ಇಂಪೋರ್ಟ್ ಸೋಲಬಹುದು. ಪೈಥಾನ್ ಕೂಡ ಹೊಸದಾದರೆ ಇನ್ನೂ ಕಷ್ಟ, ಏಕೆಂದರೆ ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲೇ ಇಲ್ಲ, 3.10ರಿಂದಲೇ ಕಲೆಕ್ಷನ್ಸ್ ಮಾಡ್ಯೂಲಿನ ಕೆಲವು ಹಳೆಯ ಹೆಸರುಗಳೂ ಹೋಗಿವೆ. ಒಂದೊಂದೇ ಕಲ್ಲನ್ನು ಎತ್ತಿ ನೋಡುತ್ತ ಹೋದರೆ ಒಂದು ವಾರ ಹಿಡಿಯುತ್ತದೆ. ಇಡೀ ಪರಿಸರವನ್ನು ಒಂದೇ ಏಟಿಗೆ 2021ಕ್ಕೆ ಒಯ್ಯುವುದು ಸುಲಭ.

ಹಾಗೆ ಒಯ್ಯುವುದನ್ನು ಹೇಳುವ ಮೊದಲು ಒಂದು ಮಾತು: ಬಿಲ್ಡ್ ಮಾಡುವುದೇ ಬೇಡವಾಗಬಹುದು. ಲೈಬ್ರರಿಯ ಕೈಪಿಡಿ ರೀಡ್ ದ ಡಾಕ್ಸ್ ಎಂಬ ತಾಣದಲ್ಲಿದ್ದರೆ, ಪುಟದ ಮೂಲೆಯಲ್ಲಿರುವ ಆವೃತ್ತಿಗಳ ಪಟ್ಟಿಯನ್ನು ತೆರೆಯಿರಿ. ಹಳೆಯ ಆವೃತ್ತಿಗಳು ಅಲ್ಲಿ ಉಳಿದಿರುವುದುಂಟು, ಪ್ರಾಜೆಕ್ಟಿನವರು ಅನುವು ಮಾಡಿದ್ದರೆ ಜಿಪ್, ಪಿಡಿಎಫ್, ಇಪಬ್ ರೂಪದಲ್ಲಿ ಇಳಿಸಿಕೊಳ್ಳುವ ಕೊಂಡಿಯೂ ಅಲ್ಲೇ ಇರುತ್ತದೆ. ಡೆಬಿಯನ್ ಕುಟುಂಬದ ಲಿನಕ್ಸ್‌ಗಳಲ್ಲಿ ಅನೇಕ ಲೈಬ್ರರಿಗಳ ಕೈಪಿಡಿಯನ್ನು ‘ಡಾಕ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ಪ್ಯಾಕೇಜಾಗಿ ಕೊಡುತ್ತಾರೆ, ಅವುಗಳಲ್ಲಿ ಹೊರಗಿನ ಸಂಪರ್ಕ ಬೇಡದ ಹಾಗೆ ಸಿದ್ಧಪಡಿಸುವ ಶ್ರಮವನ್ನೂ ಅವರೇ ಪಟ್ಟಿರುತ್ತಾರೆ. ಮೂರನೆಯ ಸಹೋದ್ಯೋಗಿ ಹೇಳಿದಂತೆ ಇಡೀ ವೆಬ್‌ಸೈಟನ್ನು ಎಳೆದುಕೊಳ್ಳುವುದು ಇವೆರಡೂ ಇಲ್ಲದಿದ್ದಾಗಿನ ಮಾತು. ಆಗಲೂ ನಿಮ್ಮ ಆವೃತ್ತಿಯ ವಿಳಾಸದಿಂದಲೇ ಎಳೆಯಬೇಕು, ಅನುಮತಿ ನೋಡಿಕೊಳ್ಳಬೇಕು. ಫಂಕ್ಷನ್‌ಗಳ ವಿವರ ಮಾತ್ರ ಸಾಕು, ಪಾಠಗಳು ಬೇಡ ಎನ್ನುವುದಾದರೆ ಪೈಥಾನ್ ಜೊತೆಗೇ ಬರುವ ಪೈಡಾಕ್ ಇದೆ. ಕಚೇರಿಯ ಕಂಪ್ಯೂಟರಿನಲ್ಲೇ ಅದನ್ನು ‘ಬಿ’ ಆಯ್ಕೆಯೊಂದಿಗೆ ಓಡಿಸಿದರೆ, ಅಲ್ಲಿ ಇರುವ ಲೈಬ್ರರಿಯ ಡಾಕ್‌ಸ್ಟ್ರಿಂಗ್‌ಗಳನ್ನು ಬ್ರೌಸರಿನಲ್ಲಿ ತೋರಿಸುತ್ತದೆ. ನೋಡಲು ಏನೂ ಅಂದವಿಲ್ಲ. ಆದರೆ ಆವೃತ್ತಿ ತಪ್ಪುವ ಪ್ರಶ್ನೆಯೇ ಬರುವುದಿಲ್ಲ.

ಬಿಲ್ಡ್ ಮಾಡಲೇಬೇಕಾದರೆ ಸೋರ್ಸ್ ಎಲ್ಲಿಂದ ತಂದಿರಿ ಎಂಬುದರಿಂದ ಆರಂಭಿಸಿ. ಪಿಪ್ ಪ್ಯಾಕೇಜುಗಳನ್ನು ತರುವ ಸಾರ್ವಜನಿಕ ಸಂಗ್ರಹವಾದ ಪೈಪಿಐಯಲ್ಲಿ ಸಿಗುವ ಸೋರ್ಸ್ ಗಂಟಿನಲ್ಲಿ ಡಾಕ್ಸ್ ಫೋಲ್ಡರನ್ನು ಬಿಟ್ಟಿರುವುದು ಸಾಮಾನ್ಯ. ಗಿಟ್ ಸಂಗ್ರಹದಿಂದ ಜಿಪ್ ಇಳಿಸಿದರೆ ಟ್ಯಾಗುಗಳೂ ಸಬ್‌ಮಾಡ್ಯೂಲ್‌ಗಳೂ ಬರುವುದಿಲ್ಲ. ತನ್ನ ಆವೃತ್ತಿ ಸಂಖ್ಯೆಯನ್ನು ಗಿಟ್ ಟ್ಯಾಗಿನಿಂದಲೇ ಲೆಕ್ಕ ಹಾಕುವ ಪ್ರಾಜೆಕ್ಟಾದರೆ ಅಲ್ಲೇ ಎಡವುತ್ತದೆ. ಆದ್ದರಿಂದ ಗಿಟ್ ಕ್ಲೋನ್ ಮಾಡಿ, ಸಬ್‌ಮಾಡ್ಯೂಲ್ ಸಮೇತ, ನಿಮ್ಮ ಆವೃತ್ತಿಯ ಟ್ಯಾಗಿಗೆ ಚೆಕ್‌ಔಟ್ ಮಾಡಿ. ಆಮೇಲೆ ಆ ಕಾಲದ ಪೈಥಾನ್, 2021ಕ್ಕೆ 3.8 ಅಥವಾ 3.9, ಇಟ್ಟುಕೊಂಡು ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ತನ್ನದೇ ಪ್ಯಾಕೇಜುಗಳಿರುವ ಪ್ರತ್ಯೇಕ ಪೈಥಾನ್ ಪರಿಸರ) ತೆರೆಯಿರಿ. ಅದರೊಳಗೆ ಸೋರ್ಸ್ ಫೋಲ್ಡರಿನಿಂದಲೇ ಲೈಬ್ರರಿಯನ್ನು ಸ್ಥಾಪಿಸಿ. ಸಿ ಭಾಷೆಯ ಭಾಗಗಳಿದ್ದರೆ ಈ ಹೆಜ್ಜೆಯಲ್ಲಿ ಕಂಪೈಲರ್ ಬೇಕಾಗುತ್ತದೆ. ಕಂಪೈಲ್ ಮಾಡದ ಸೋರ್ಸಿನಿಂದ ನೇರವಾಗಿ ಇಂಪೋರ್ಟ್ ಮಾಡಲು ಹೋದರೆ ನಮ್‌ಪೈಯಂಥ ಲೈಬ್ರರಿ, ಸೋರ್ಸ್ ಫೋಲ್ಡರಿನಿಂದ ನನ್ನನ್ನು ಇಂಪೋರ್ಟ್ ಮಾಡಬೇಡಿ ಎಂದು ಬಾಯಿಬಿಟ್ಟೇ ಹೇಳುತ್ತದೆ. ಕಂಪೈಲರ್ ಸಿಗದಿದ್ದರೆ ಅದೇ ಆವೃತ್ತಿಯ ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಹಾಕಿಕೊಳ್ಳಬಹುದು, ಪಿಪ್‌ಗೆ ಕೊಡುವ ಹೆಸರಿನ ನಂತರ ಎರಡು ಸಮ ಚಿಹ್ನೆ ಹಾಕಿ ಆವೃತ್ತಿ ಸಂಖ್ಯೆಯನ್ನು ಬರೆದು. ಎರಡನೆಯ ಸಹೋದ್ಯೋಗಿಯ ಸಲಹೆ ಪೂರ್ತಿ ಸರಿಯಾಗುವುದು ಹೀಗೆ ಮಾಡಿದಾಗ.

ಸ್ಫಿಂಕ್ಸ್ ಮತ್ತು ಅದರ ಬಳಗಕ್ಕೆ ಡಾಕ್ಸ್ ಫೋಲ್ಡರಿನಲ್ಲಿ ರಿಕ್ವೈರ್‌ಮೆಂಟ್ಸ್ ಕಡತವಿದೆಯೇ ನೋಡಿ. ಅದರಲ್ಲಿ ಆವೃತ್ತಿಗಳನ್ನು ಖಚಿತವಾಗಿ ಬರೆದಿದ್ದರೆ ನಿಮ್ಮ ಅದೃಷ್ಟ. ಬರಿಯ ಹೆಸರುಗಳಿದ್ದರೆ ನಾನು ಈಗ ಮೊದಲು ಕೈಹಾಕುವುದು ಯುವಿ ಎಂಬ ಸ್ಥಾಪಕಕ್ಕೆ. ಅದರಲ್ಲಿ ‘ಎಕ್ಸ್‌ಕ್ಲೂಡ್-ನ್ಯೂವರ್’ ಎಂಬ ಆಯ್ಕೆಯಿದೆ. ಅದಕ್ಕೆ ಒಂದು ದಿನಾಂಕ ಕೊಟ್ಟರೆ, ಆ ದಿನದ ನಂತರ ಪೈಪಿಐಗೆ ಬಂದ ಯಾವ ಪ್ಯಾಕೇಜನ್ನೂ ಅದು ಕಣ್ಣೆತ್ತಿ ನೋಡುವುದಿಲ್ಲ. ಲೈಬ್ರರಿಯ ಆ ಆವೃತ್ತಿ ಬಿಡುಗಡೆಯಾದ ದಿನದಿಂದ ಒಂದೆರಡು ವಾರ ಮುಂದಿನ ದಿನಾಂಕ ಕೊಡಿ. ಜಿಂಜಾ, ಡಾಕ್‌ಯುಟಿಲ್ಸ್, ಥೀಮ್ ಎಲ್ಲವೂ ಅಂದು ಒಂದಕ್ಕೊಂದು ಹೊಂದಿಕೊಂಡಿದ್ದ ಆವೃತ್ತಿಗಳಲ್ಲೇ ಬರುತ್ತವೆ. ಸಂಸ್ಥೆಯ ಒಳಗಿನ ಪ್ಯಾಕೇಜ್ ಸಂಗ್ರಹ ಬಳಸುವವರು ಗಮನಿಸಬೇಕಾದದ್ದು, ಅಪ್‌ಲೋಡ್ ದಿನಾಂಕವನ್ನು ಆ ಸಂಗ್ರಹ ತಿಳಿಸದಿದ್ದರೆ ಈ ಉಪಾಯ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಯಾವುದೋ ಒಂದು ಭಾರಿ ಪ್ಯಾಕೇಜ್, ಉದಾಹರಣೆಗೆ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಬೇಡುವಂಥದ್ದು, ಸಿಗದೇ ಹೋಗಬಹುದು. ಅದಕ್ಕೆ ಆಟೊಡಾಕ್‌ನಲ್ಲಿ ‘ಮಾಕ್ ಇಂಪೋರ್ಟ್ಸ್’ ಎಂಬ ವ್ಯವಸ್ಥೆಯಿದೆ: ಆ ಪ್ಯಾಕೇಜಿನ ಹೆಸರನ್ನು ಸಂರಚನೆಯಲ್ಲಿ ಬರೆದರೆ ಸ್ಫಿಂಕ್ಸ್ ಅದರ ಜಾಗದಲ್ಲಿ ಒಂದು ಬೆದರುಬೊಂಬೆಯನ್ನು ನಿಲ್ಲಿಸಿ ಇಂಪೋರ್ಟ್ ಗೆಲ್ಲುವಂತೆ ಮಾಡುತ್ತದೆ. ಅಂಚಿನ ಪ್ಯಾಕೇಜುಗಳಿಗೆ ಇದು ಸರಿ. ಆದರೆ ಲೈಬ್ರರಿಯ ಕ್ಲಾಸುಗಳು ಆ ಪ್ಯಾಕೇಜಿನ ಕ್ಲಾಸುಗಳಿಂದಲೇ ಹುಟ್ಟಿದ್ದರೆ ಬೊಂಬೆಯ ಮಕ್ಕಳ ವಿವರ ಅರೆಬರೆಯಾಗುತ್ತದೆ, ಮೂಲ ಕ್ಲಾಸಿನಿಂದ ಬರಬೇಕಾದ ಮೆಥಡ್‌ಗಳು ಪುಟದಿಂದ ಮಾಯವಾಗುತ್ತವೆ. ನಮ್‌ಪೈಯನ್ನೇ ಬೊಂಬೆ ಮಾಡಿಕೊಂಡು ಲೆಕ್ಕಾಚಾರದ ಲೈಬ್ರರಿಯ ಕೈಪಿಡಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇಂಪೋರ್ಟ್ ಮಾಡದೆ ಕಡತವನ್ನಷ್ಟೇ ಓದುವ ಆಟೊಎಪಿಐ ಎಂಬ ವಿಸ್ತರಣೆಯೂ ಇದೆ; ಅದರ ಮಿತಿ ನಾನು ಮೇಲೆ ಹೇಳಿದ್ದೇ, ಓಡುವಾಗ ಜೋಡಣೆಯಾಗುವ ವಿವರಣೆ ಮತ್ತು ಸಿ ಭಾಗಗಳು ಅದಕ್ಕೆ ಕಾಣುವುದಿಲ್ಲ.

ಇಲ್ಲಿ ಭದ್ರತೆಯ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ನಿಮ್ಮ ವಿಭಾಗ ಅದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಕೈಪಿಡಿ ತಾನೇ, ಪ್ರೋಗ್ರಾಂ ಓಡಿಸುತ್ತಿಲ್ಲವಲ್ಲ ಎಂದುಕೊಂಡು ಅಪರಿಚಿತ ಸೋರ್ಸಿನ ಮೇಲೆ ‘ಮೇಕ್ ಎಚ್‌ಟಿಎಂಎಲ್’ ಕೊಡುವವರಿದ್ದಾರೆ. ಮೇಕ್‌ಫೈಲ್ ಯಾವ ಕಮಾಂಡನ್ನಾದರೂ ಓಡಿಸಬಲ್ಲದು, ‘ಕಾನ್ಫ್ ಡಾಟ್ ಪೈ’ ಸಂಪೂರ್ಣ ಪೈಥಾನ್ ಪ್ರೋಗ್ರಾಂ, ಆಟೊಡಾಕ್ ಇಡೀ ಲೈಬ್ರರಿಯನ್ನು ಇಂಪೋರ್ಟ್ ಮಾಡುತ್ತದೆ. ಮೂರೂ ನಿಮ್ಮ ಖಾತೆಯ ಪೂರ್ಣ ಅಧಿಕಾರದಲ್ಲಿ ಓಡುತ್ತವೆ. ಡಾಕ್ಸಿಜನ್ ಸೋರ್ಸನ್ನು ಓಡಿಸುವುದಿಲ್ಲ ನಿಜ, ಆದರೆ ಅದರ ಸಂರಚನೆಯಲ್ಲೂ ಪ್ರತಿ ಕಡತವನ್ನು ಹೊರಗಿನ ಪ್ರೋಗ್ರಾಮಿನ ಮೂಲಕ ಹಾಯಿಸುವ ‘ಇನ್‌ಪುಟ್ ಫಿಲ್ಟರ್’ ಆಯ್ಕೆ ಇದೆ. ನಿಮಗೆ ಗೊತ್ತಿರುವ ಲೈಬ್ರರಿಯಾದ್ದರಿಂದ ಭಯಪಡಬೇಕಿಲ್ಲ. ಗೊತ್ತಿಲ್ಲದ್ದನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ ಬಿಲ್ಡ್ ಮಾಡಿ, ಹೊರಗೆ ಪುಟಗಳನ್ನು ಮಾತ್ರ ತನ್ನಿ.

ಸೂತ್ರಗಳ ತೊಂದರೆ ಚಿಕ್ಕದು. ಸ್ಫಿಂಕ್ಸ್ ಸೂತ್ರಗಳನ್ನು ಪುಟದಲ್ಲಿ ಲೇಟೆಕ್ ಬರಹವಾಗಿಯೇ ಇಟ್ಟು, ಅವನ್ನು ಬಿಡಿಸಿ ತೋರಿಸುವ ಕೆಲಸವನ್ನು ಬ್ರೌಸರಿನಲ್ಲಿ ಓಡುವ ಮ್ಯಾಥ್‌ಜ್ಯಾಕ್ಸ್‌ಗೆ ಬಿಡುತ್ತದೆ. ಆ ಮ್ಯಾಥ್‌ಜ್ಯಾಕ್ಸ್ ಬರುವುದು ಇಂಟರ್ನೆಟ್ಟಿನಿಂದ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಂಪರ್ಕವಿತ್ತು, ಸೂತ್ರ ಕಂಡಿತು; ಕಚೇರಿಯಲ್ಲಿ ಇಲ್ಲ, ಓರೆಗೆರೆ ಕಂಡಿತು. ಮ್ಯಾಥ್‌ಜ್ಯಾಕ್ಸ್‌ನ ಪ್ರತಿಯನ್ನು ಕೈಪಿಡಿಯ ‘ಸ್ಟ್ಯಾಟಿಕ್’ ಫೋಲ್ಡರಿನಲ್ಲಿಟ್ಟು, ‘ಮ್ಯಾಥ್‌ಜ್ಯಾಕ್ಸ್ ಪಾತ್’ ಎಂಬ ಸಂರಚನೆಯನ್ನು ಅದರ ಕಡೆಗೆ ತಿರುಗಿಸಿ. ಬೇರೆ ಪ್ರಾಜೆಕ್ಟುಗಳ ಕೈಪಿಡಿಗೆ ಕೊಂಡಿ ಹಾಕುವ ಇಂಟರ್‌ಸ್ಫಿಂಕ್ಸ್ ಕೂಡ ಬಿಲ್ಡ್ ಸಮಯದಲ್ಲಿ ಆ ತಾಣಗಳಿಂದ ‘ಆಬ್ಜೆಕ್ಟ್ಸ್ ಡಾಟ್ ಇನ್ವ್’ ಎಂಬ ಸೂಚಿಯನ್ನು ತರುತ್ತದೆ. ನಿಮಗೆ ಬಿಲ್ಡ್ ಯಂತ್ರದಲ್ಲಿ ಸಂಪರ್ಕ ಇರುವುದರಿಂದ ತೊಂದರೆಯಿಲ್ಲ, ಕಚೇರಿಯಲ್ಲಿ ಆ ಕೊಂಡಿಗಳನ್ನು ಒತ್ತಿದರೆ ತೆರೆಯುವುದಿಲ್ಲ ಅಷ್ಟೆ. ಹುಡುಕಾಟಕ್ಕೆ ಸರ್ವರ್ ಬೇಡ, ಸೂಚಿ ಪುಟಗಳ ಜೊತೆಗೇ ಇರುತ್ತದೆ. ಆದರೆ ಕಡತವನ್ನು ನೇರವಾಗಿ ಎರಡು ಸಲ ಕ್ಲಿಕ್ಕಿಸಿ ತೆರೆದಾಗ ಫಲಿತಾಂಶದ ಕೆಳಗಿನ ಸಾರಾಂಶದ ಸಾಲುಗಳು ಬಾರದಿರಬಹುದು, ಬ್ರೌಸರ್ ಅದನ್ನು ತಡೆಯುತ್ತದೆ. ಆ ಫೋಲ್ಡರಿನಲ್ಲಿ ಪೈಥಾನ್‌ನ ‘ಎಚ್‌ಟಿಟಿಪಿ ಡಾಟ್ ಸರ್ವರ್’ ಓಡಿಸಿ ತೆರೆದರೆ ಬರುತ್ತವೆ.

ಪಿಡಿಎಫ್ ಆಗದಿರುವುದಕ್ಕೆ ನೀವು ದೋಷದ ಸಾಲನ್ನು ಕಳುಹಿಸಿಲ್ಲ, ಆದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದೋ ಲೇಟೆಕ್ ಅಥವಾ ಅದನ್ನು ನಡೆಸುವ ಲೇಟೆಕ್‌ಎಂಕೆ ಸ್ಥಾಪನೆಯಾಗಿಲ್ಲ, ಇಲ್ಲವೇ ಪಠ್ಯದಲ್ಲಿ ಪಿಡಿಎಫ್‌ಲೇಟೆಕ್‌ಗೆ ಗೊತ್ತಿಲ್ಲದ ಯುನಿಕೋಡ್ ಅಕ್ಷರವಿದೆ. ಎರಡನೆಯದಾದರೆ ‘ಲೇಟೆಕ್ ಎಂಜಿನ್’ ಎಂಬ ಸಂರಚನೆಯನ್ನು ಝೀಲೇಟೆಕ್‌ಗೆ ಬದಲಿಸಿ. ನನ್ನನ್ನು ಕೇಳಿದರೆ ಫಂಕ್ಷನ್‌ಗಳ ವಿವರವನ್ನು ಪಿಡಿಎಫ್‌ನಲ್ಲಿ ಓದುವುದು ಹಿಂಸೆ. ಒಂದೇ ಕಡತ ಬೇಕೆಂಬುದು ನಿಮ್ಮ ಉದ್ದೇಶವಾದರೆ ‘ಮೇಕ್ ಇಪಬ್’ ಅಥವಾ ‘ಮೇಕ್ ಸಿಂಗಲ್‌ಎಚ್‌ಟಿಎಂಎಲ್’ ಕೊಡಿ, ಎರಡಕ್ಕೂ ಆ ದೊಡ್ಡ ಲೇಟೆಕ್ ಸ್ಥಾಪನೆ ಬೇಕಿಲ್ಲ.

ಪರಿಸರ ಬದಲಿಸಿದ ಮೇಲೆ ಹಳೆಯ ಬಿಲ್ಡಿನ ಮೇಲೆಯೇ ಮತ್ತೆ ಬಿಲ್ಡ್ ಮಾಡಬೇಡಿ. ಸ್ಫಿಂಕ್ಸ್ ಹಿಂದಿನ ಓದನ್ನು ಕಾಪಾಡಿಟ್ಟುಕೊಂಡು ಬದಲಾದ ಕಡತಗಳನ್ನಷ್ಟೇ ಮತ್ತೆ ಓದುತ್ತದೆ. ನೀವು ಬದಲಿಸಿದ್ದು ಪ್ಯಾಕೇಜುಗಳನ್ನು, ಕಡತಗಳನ್ನಲ್ಲ, ಹೀಗಾಗಿ ಅದೇ ಖಾಲಿ ಪುಟ ಮತ್ತೆ ಕಂಡು ನೀವು ಸರಿಯಾದ ದಾರಿಯನ್ನೇ ತಪ್ಪೆಂದು ಕೈಬಿಡುವ ಸಾಧ್ಯತೆಯಿದೆ. ‘ಮೇಕ್ ಕ್ಲೀನ್’ ಕೊಡಿ. ಪ್ರಾಜೆಕ್ಟು ಆಟೊಸಮ್ಮರಿ ಎಂಬ ವಿಸ್ತರಣೆಯನ್ನು ಬಳಸುತ್ತಿದ್ದರೆ ಅದು ತಾನಾಗಿ ಬರೆದ ಕಡತಗಳು ಸೋರ್ಸಿನ ಒಳಗೇ, ಸಾಮಾನ್ಯವಾಗಿ ‘ಜನರೇಟೆಡ್’ ಎಂಬ ಫೋಲ್ಡರಿನಲ್ಲಿ, ಉಳಿದಿರುತ್ತವೆ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಅವನ್ನು ‘ಕ್ಲೀನ್’ ಮುಟ್ಟುವುದಿಲ್ಲ, ಕೈಯಾರೆ ಅಳಿಸಬೇಕು. ಉದಾಹರಣೆಗಳನ್ನೆಲ್ಲ ಓಡಿಸಿ ಚಿತ್ರ ಬಿಡಿಸುವ ಗ್ಯಾಲರಿ ಇದ್ದರೆ ಬಿಲ್ಡ್ ಗಂಟೆಗಟ್ಟಲೆ ಹಿಡಿಯಬಹುದು. ಸೈಕಿಟ್-ಲರ್ನ್‌ನಂಥ ಪ್ರಾಜೆಕ್ಟುಗಳು ಇದಕ್ಕೆಂದೇ ‘ಎಚ್‌ಟಿಎಂಎಲ್-ನೋಪ್ಲಾಟ್’ ಎಂಬ ಗುರಿಯನ್ನು ಮೇಕ್‌ಫೈಲಿನಲ್ಲಿ ಇಟ್ಟಿವೆ, ನಿಮ್ಮದರಲ್ಲೂ ಅಂಥದ್ದಿದೆಯೇ ನೋಡಿ, ಮೊದಲ ಪ್ರಯತ್ನಗಳಿಗೆ ಅದನ್ನೇ ಬಳಸಿ.

ಇಷ್ಟಾದ ಮೇಲೂ ಯಾವುದಾದರೂ ಪುಟ ಖಾಲಿ ಬಂದರೆ ನನಗೆ ಬರೆಯಿರಿ. ಬರೆಯುವಾಗ ಕೊನೆಯ ಸಾಲನ್ನು ಕಳುಹಿಸಬೇಡಿ, ಅದರಲ್ಲಿ ಏನೂ ಇರುವುದಿಲ್ಲ. ಮೊದಲ ‘ಫೇಲ್ಡ್ ಟು ಇಂಪೋರ್ಟ್’ ವಾರ್ನಿಂಗನ್ನು ಅದರ ಕೆಳಗಿನ ಟ್ರೇಸ್‌ಬ್ಯಾಕ್ ಸಮೇತ, ಜೊತೆಗೆ ‘ಪಿಪ್ ಫ್ರೀಜ್’ ಕೊಟ್ಟಾಗ ಬರುವ ಪಟ್ಟಿಯನ್ನು ಕಳುಹಿಸಿ.